ಜಗಳೂರು ಬಸ್ಸು ಬರುವವರೆಗೆ

ಶ್ರದ್ಧಾಂಜಲಿ ಸಭೆಯಲ್ಲಿ ಮಾತನಾಡಿದ ಒಬ್ಬರು ನಮ್ಮ ಮೇಷ್ಟ್ರನ್ನು ತಾಳ್ಮೆಯ ಮೂರ್ತಿ ಎಂದು ಕರೆದರು. ನನಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನಾನು ಅಳುತ್ತಿದ್ದೇನೆಂದುಕೊಂಡು ಬೆನ್ನು ಸವರಿದರು. ತೀರಿಕೊಂಡವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪುತ್ತೇನೆ. ಆದರೆ ಇಲ್ಲದ ಗುಣವನ್ನು ತಲೆಗೆ ಕಟ್ಟಿ ಕಳಿಸುವುದು ಯಾವ ನ್ಯಾಯ? ಮೇಷ್ಟ್ರಿಗೆ ತಾಳ್ಮೆ ಎಂಬುದೇ ಇರಲಿಲ್ಲ. ನಾನು ಕಂಡಂತೆ ಅವರು ಯಾರಿಗಾದರೂ ಕಾದದ್ದು ಒಂದೇ ಒಂದು ಸಲ. ಅದನ್ನು ಹೇಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಬಸ್ಸು ತಡವಾದರೆ ಅವರು ನಡೆದೇ ಹೊರಟುಬಿಡುತ್ತಿದ್ದರು. ಬಸವಾಪಟ್ಟಣ ಅವರ ಊರು. ಚನ್ನಗಿರಿಯಿಂದ ಅಲ್ಲಿಗೆ ಹೋಗುವಾಗ ನಿಲ್ದಾಣದಲ್ಲಿ ನಿಲ್ಲುವ ಬದಲು ರಸ್ತೆ ಹಿಡಿದು ನಡೆಯುತ್ತಿದ್ದರು. ಹಿಂದಿನಿಂದ ಬಸ್ಸು ಬಂದಾಗ ಕೈ ಅಡ್ಡ ಹಿಡಿದು, "ಏನಪ್ಪ, ನಿನಗಿಂತ ನಾನೇ ಮುಂದೆ ಅದೀನಲ್ಲ" ಎಂದು ಕಂಡಕ್ಟರನಿಗೆ ಚುಚ್ಚಿ ಹತ್ತುತ್ತಿದ್ದರು. ಮದುವೆ ಮನೆಯಲ್ಲಿ ಪಂಕ್ತಿ ತಡವಾದರೆ ಅಕ್ಕಿಕಾಳು ಹಾಕಿ ಎದ್ದು ಬರುತ್ತಿದ್ದರು. ಒಮ್ಮೆ ನಮ್ಮ ಸಂಘದ ಸಭೆಗೆ ಅಧ್ಯಕ್ಷರು ತಡವಾಗಿ ಬಂದಾಗ, "ಬರ್ರಿ ಬರ್ರಿ, ವಂದನಾರ್ಪಣೆಗೆ ಸರಿಯಾಗಿ ಬಂದ್ರಿ" ಎಂದವರು ಅವರು. ಅಧ್ಯಕ್ಷರು ಆ ಮಾತನ್ನು ಬಹಳ ಕಾಲ ಮರೆಯಲಿಲ್ಲ. ಮೇಷ್ಟ್ರೂ ಮರೆಯಲಿಲ್ಲ, ಕಂಡ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ಜಂಬದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಯಾರಿಗೂ ಕೊಡದ ಇಂಕ್ ಪೆನ್ನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬೆಳೆಗಾರರ ಮಾರಾಟ ಸಹಕಾರ ಸಂಘಕ್ಕೆ ಕಂಪ್ಯೂಟರ್ ಬಂದಾಗ, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲದೆ ಅದು ಮುಸುಕು ಹಾಕಿಕೊಂಡು ಕೂತಿತ್ತು. ಮೇಷ್ಟ್ರು ತಾವಾಗಿ ಬಂದು, "ಇದರ ಪುಸ್ತಕ ಕೊಡ್ರಿ, ಓದಿ ಹೇಳ್ತೀನಿ" ಎಂದರು. ಓದಿದರು. ಮುಂದೆ ಶಾಲೆಯಿಂದ ರಜೆ ತೆಗೆದುಕೊಂಡು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿ ಅಲ್ಲೇ ಕೂತರು.

ಸಂಘದ ಕಚೇರಿ ಚನ್ನಗಿರಿಯಲ್ಲಿ. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಒಂದೊಂದು ಕೇಂದ್ರ. ನಾನು ನ್ಯಾಮತಿಯಲ್ಲಿ ತೂಕದ ಗುಮಾಸ್ತೆ. ಎರಡು ಮಕ್ಕಳ ತಾಯಿ, ಕಂಪ್ಯೂಟರ್ ಎಂದರೆ ಟೀವಿಯ ತಮ್ಮ ಎಂದುಕೊಂಡಿದ್ದವಳು. ನನಗೆ ಪ್ರೋಗ್ರಾಂ ಬರೆಯಲು ಕಲಿಸಿದವರು ಮೇಷ್ಟ್ರು. ಕಲಿಸುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನಾವೆಷ್ಟೇ ತಪ್ಪಿದರೂ ಕೀಲಿಮಣೆ ಮುಟ್ಟುತ್ತಿರಲಿಲ್ಲ. ಆ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದದ್ದನ್ನು ಕಿಟಕಿಯ ಗಾಜಿನಲ್ಲಿ ಕಂಡಿದ್ದೇನೆ. ತಡೆದುಕೊಳ್ಳಲಾಗದಿದ್ದಾಗ ಅಂಗಳಕ್ಕೆ ಹೋಗಿ ಬೇವಿನ ಮರಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದರು.

ಆ ಬೇವಿನ ಮರಕ್ಕೆ ಒಂದು ರೈಲು ಕಂಬಿಯ ತುಂಡು ತೂಗುಹಾಕಿತ್ತು. ಅದನ್ನು ಬಾರಿಸಿದರೆ ಹಮಾಲರಿಗೆ ಊಟದ ಹೊತ್ತು. ಮೇಷ್ಟ್ರಿಗೆ ಮಾತ್ರ ಅದು ಬೇರೆ ಕೆಲಸಕ್ಕೂ ಬರುತ್ತಿತ್ತು. ನಾವು ಬರೆದ ಪ್ರೋಗ್ರಾಂ ತಪ್ಪಿಲ್ಲದೆ ಕಂಪೈಲ್ ಆದರೆ, ಅಂದರೆ ಯಂತ್ರ ಅದನ್ನು ಒಪ್ಪಿಕೊಂಡು ನಡೆಸಲು ಸಿದ್ಧವಾದರೆ, ಓಡಿಹೋಗಿ ಕಂಬಿ ಬಾರಿಸಿಬಿಡುತ್ತಿದ್ದರು. ಹಮಾಲರು ಮೂಟೆ ಇಳಿಸಿ ಬುತ್ತಿ ಬಿಚ್ಚುತ್ತಿದ್ದರು. ಕಾರ್ಯದರ್ಶಿಗಳು ಒಳಗಿನಿಂದ ಬಂದು, "ಏನ್ರಿ ಮೇಷ್ಟ್ರೆ, ಇನ್ನ ಹತ್ತು ಗಂಟೆ" ಎಂದು ಗೊಣಗುತ್ತಿದ್ದರು.

ನಮ್ಮ ಮುಖ್ಯ ಪ್ರೋಗ್ರಾಂ ಎಂದರೆ ತೂಕದ ಚೀಟಿಯದು. ಬೆಳೆಗಾರರ ಹೆಸರು, ಮೂಟೆ, ಒಟ್ಟು ತೂಕ, ಚೀಲದ ತೂಕ ಕಳೆದು ಉಳಿದ ತೂಕ. ಕೇಳಲು ಸುಲಭ. ಆದರೆ ಚನ್ನಗಿರಿಯಲ್ಲಿ ಅಡಿಕೆ, ಹೊನ್ನಾಳಿಯಲ್ಲಿ ಹಸಿ ಭತ್ತ, ಜಗಳೂರಿನಲ್ಲಿ ಶೇಂಗಾ. ಒಂದೊಂದಕ್ಕೆ ಒಂದೊಂದು ಲೆಕ್ಕ. ನನ್ನ ನ್ಯಾಮತಿಯ ಕಷ್ಟವೇ ಬೇರೆ. ನಮ್ಮ ಕಡೆ ಒಂದೇ ಹಳ್ಳಿಯಲ್ಲಿ ಹಾಲಪ್ಪ ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಆದ್ದರಿಂದ ನಾನು ಚೀಟಿಯಲ್ಲಿ ತಂದೆಯ ಹೆಸರೂ ಬರುವಂತೆ ಪ್ರೋಗ್ರಾಮಿಗೆ ಸಾಲು ಸೇರಿಸಿದ್ದೆ. ಹಾಗೆಯೇ ಉಳಿದ ಕೇಂದ್ರದವರೂ ತಮಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತಿದ್ದರು. ಪ್ರತಿ ಸೋಮವಾರ ಎಲ್ಲರೂ ತಿದ್ದಿದ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಚನ್ನಗಿರಿಗೆ ಬರಬೇಕು, ದೊಡ್ಡ ಯಂತ್ರಕ್ಕೆ ಏರಿಸಬೇಕು, ಸಂಜೆ ಹೊಸ ಪ್ರತಿ ಒಯ್ಯಬೇಕು. ಇದು ಪದ್ಧತಿ.

ಮಂಗಳವಾರ ನ್ಯಾಮತಿಗೆ ಹೋಗಿ ನೋಡಿದರೆ ಚೀಟಿಯಲ್ಲಿ ತಂದೆಯ ಹೆಸರು ಮಾಯ. ಮತ್ತೆ ಸೇರಿಸುತ್ತಿದ್ದೆ, ಮುಂದಿನ ಮಂಗಳವಾರ ಮತ್ತೆ ಮಾಯ. ಒಬ್ಬ ಹಾಲಪ್ಪನಂತೂ ಚೀಟಿಯನ್ನು ಬೆಳಕಿಗೆ ಹಿಡಿದು, "ಏನ್ರಿ ಮೇಡಮ್ಮೋರೆ, ನಮ್ಮಪ್ಪ ಈ ವಾರನೂ ಇಲ್ಲೇನ್ರಿ?" ಎಂದು ಸಾಲಿನಲ್ಲಿದ್ದವರನ್ನೆಲ್ಲ ನಗಿಸಿದ. ಹೊನ್ನಾಳಿ ಕೇಂದ್ರದ ಹಾಲೇಶಪ್ಪನವರು ಬರೆದ ಹಸಿ ಭತ್ತದ ಲೆಕ್ಕವೂ ಹೀಗೆಯೇ ಕಾಣೆಯಾಗುತ್ತಿತ್ತು. ಜಗಳೂರಿನದು ಮಾತ್ರ ಗಟ್ಟಿಯಾಗಿ ಉಳಿಯುತ್ತಿತ್ತು.

ಜಗಳೂರಿನವನು ಓಬಳೇಶ. ನಮ್ಮೆಲ್ಲರಿಗಿಂತ ಚುರುಕು, ನಮ್ಮೆಲ್ಲರಿಗಿಂತ ಕಡಿಮೆ ಮಾತು. ಅವನ ಕೆಲಸ ಇನ್ನೂ ತಾತ್ಕಾಲಿಕ. ಹಾಲೇಶಪ್ಪನವರು ಒಂದು ಸೋಮವಾರ ಎಲ್ಲರ ಎದುರೇ ಹೇಳಿದರು: "ನಮ್ದೆಲ್ಲ ಅಳಿಸಿ ತನ್ನದಷ್ಟೇ ಇಡಾಕೆ ಹತ್ಯಾನೆ ಈತ. ತಾನೊಬ್ಬನೇ ಶಾಣ್ಯಾ ಅಂತ ತೋರಿಸ್ಬೇಕಲ್ಲ." ಓಬಳೇಶ, "ನಾನು ನಿಮ್ದು ಮುಟ್ಟೇ ಇಲ್ರಿ" ಎಂದನೇ ಹೊರತು ಹೆಚ್ಚೇನೂ ಹೇಳಲಿಲ್ಲ. ಕಾರ್ಯದರ್ಶಿಗಳಿಗೆ ಅಷ್ಟೇ ಸಾಕಾಯಿತು. ಸುಗ್ಗಿ ಶುರುವಾಗುವ ಮುಂಚೆ ಅವನನ್ನು ಕಳಿಸಿಬಿಡುವುದೆಂದು ತೀರ್ಮಾನ ಮಾಡಿದರು.

ಅದರ ಮುಂದಿನ ವಾರ ಜಗಳೂರು ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಓಬಳೇಶ ಚನ್ನಗಿರಿ ಮುಟ್ಟಿದ್ದು ಮಂಗಳವಾರ. ಅಷ್ಟರಲ್ಲಿ ನಾವು ನಮ್ಮ ಪ್ರತಿ ಒಯ್ದಾಗಿತ್ತು. ಆ ವಾರ ನ್ಯಾಮತಿಯ ಚೀಟಿಗಳಲ್ಲಿ ಎಲ್ಲ ತಂದೆಯರೂ ಹಾಜರು. ನಾನು ಖುಷಿಯಿಂದ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಅವರು, "ಓಬಳೇಶನ ಫ್ಲಾಪಿ ಯಾವಾಗ್ಲೂ ಕೊನೇಗೆ ಏರಿಸ್ತೀವಲ್ಲ?" ಎಂದರು.

ವಿಷಯ ಇಷ್ಟೇ. ಜಗಳೂರು ದೂರ. ದಾವಣಗೆರೆ, ನಲ್ಲೂರು ದಾಟಿ ಅವನ ಬಸ್ಸು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತಿತ್ತು. ಯಾರು ಮೊದಲು ಬಂದರೆ ಅವರ ಫ್ಲಾಪಿ ಮೊದಲು. ಒಂದರ ಮೇಲೊಂದು ಏರಿಸಿದಾಗ ಕೊನೆಯದು ಉಳಿದವನ್ನೆಲ್ಲ ಅಳಿಸುತ್ತಿತ್ತು. ಅವನು ಬಾರದ ಆ ಸೋಮವಾರ ಕೊನೆಯದು ನನ್ನದಾಗಿತ್ತು. ಓಬಳೇಶ ಯಾರದನ್ನೂ ಮುಟ್ಟಿರಲಿಲ್ಲ, ಅವನ ಪ್ರತಿಯಲ್ಲಿ ನಮ್ಮ ಆ ವಾರದ ಸಾಲುಗಳು ಇರಲೇ ಇಲ್ಲ. ಒಂದು ಸಂಸ್ಥೆಯ ಪ್ರೋಗ್ರಾಂ ಹೇಗಿರಬೇಕೆಂದು ಅಷ್ಟು ದಿನ ತೀರ್ಮಾನಿಸುತ್ತಿದ್ದದ್ದು ಬಸ್ಸಿನ ವೇಳಾಪಟ್ಟಿ.

ಮೇಷ್ಟ್ರು ಕಾರ್ಯದರ್ಶಿಗಳ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು. "ತಪ್ಪು ಓಬಳೇಶಂದಲ್ರಿ, ಬಸ್ಸಿಂದು" ಎಂದರು.

"ಹಂಗಾದ್ರೆ ಅವನ ಫ್ಲಾಪಿ ಮೊದ್ಲು ಏರಿಸ್ರಿ" ಎಂದರು ಕಾರ್ಯದರ್ಶಿಗಳು.

"ಆಗ ಅವಂದು ಅಳಿಸಿ ಹೋಗ್ತೈತೆ. ಹಿಂಗೇ ಇದ್ರೆ ಯಾರದ್ದಾದ್ರೂ ಅಳಿಸೇ ಅಳಿಸ್ತೈತೆ. ಇದಕ್ಕೆ ಬೇರೆ ಉಪಾಯ ಐತೆ, ಕಟ್ಟಬೇಕು."

"ಕಟ್ಟೋದೇನು, ಕೊಟ್ಟಿಗೇನಾ? ನನಗೆ ಸುಗ್ಗಿ ಹೊತ್ತಿಗೆ ನಾಲ್ಕೂ ಕಡೆ ಒಂದೇ ಚೀಟಿ ಬರಬೇಕು. ಬರಲಿಲ್ಲ ಅಂದ್ರೆ ಆ ಹುಡುಗನ್ನ ಇಟ್ಕೊಳ್ಳಾಕೆ ಆಗಂಗಿಲ್ಲ."

ಮೇಷ್ಟ್ರು ಅಂಗಿಯ ತೋಳು ಸರಿಮಾಡಿಕೊಂಡರು. "ಬರಲಿಲ್ಲ ಅಂದ್ರೆ ನಾನು ಶಾಲೆಗೆ ವಾಪಸ್ ಹೋಗ್ತೀನಿ, ಅವನ ಸುದ್ದಿಗೆ ಹೋಗಬ್ಯಾಡ್ರಿ. ಬಂದ್ರೆ ಅವನನ್ನ ಕಾಯಂ ಮಾಡ್ರಿ."

ಕಾರ್ಯದರ್ಶಿಗಳು ಒಪ್ಪಿಕೊಂಡರು. ಹೊರಗೆ ಬಂದ ಮೇಲೆ ನಾನು, "ಸಾರ್, ಆಗುತ್ತೇನ್ರಿ ಇದು?" ಎಂದೆ. "ಆಗದೇ ಏನು? ನಾನು ಅದೀನಲ್ಲ" ಎಂದರು. ಅವರ ಜಂಬ ನನಗೆ ಇಷ್ಟವಾದದ್ದು ಆ ದಿನ.

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವರಿಗೊಬ್ಬ ಗೆಳೆಯರಿದ್ದರು. ಅವರ ಹತ್ತಿರ ಇಂಥ ತೊಂದರೆಗೆಂದೇ ಬರೆದ ಒಂದು ಸಲಕರಣೆಯಿತ್ತು. ಅದು ಪ್ರೋಗ್ರಾಮಿನ ಒಂದೊಂದು ಆವೃತ್ತಿಯನ್ನೂ ಅಳಿಸದೆ ಇಟ್ಟುಕೊಳ್ಳುತ್ತದೆ. ತಿದ್ದಬೇಕಾದವರು ತಮ್ಮ ಹೆಸರಿನಲ್ಲಿ ಬೀಗ ಹಾಕಿಸಿ ಪ್ರತಿಯನ್ನು ಒಯ್ಯಬೇಕು. ಬೀಗ ಅವರ ಹೆಸರಿನಲ್ಲಿರುವಷ್ಟು ಕಾಲ ಉಳಿದವರು ಓದಬಹುದು, ಬದಲಿಸುವಂತಿಲ್ಲ. ತಂದು ಒಪ್ಪಿಸುವಾಗ, ಏಕೆ ತಿದ್ದಿದಿರಿ ಎಂದು ಕೇಳುತ್ತದೆ. ನಮ್ಮ ಅತ್ತೆಯವರೂ ಅಷ್ಟು ಕೇಳುತ್ತಿರಲಿಲ್ಲ.

ಆದರೆ ಬಂದದ್ದು ಸಿದ್ಧ ಸಲಕರಣೆಯಲ್ಲ, ಅದರ ಸೋರ್ಸ್ ಕೋಡ್, ಅಂದರೆ ನಾವೇ ಕಂಪೈಲ್ ಮಾಡಿ ಕಟ್ಟಿಕೊಳ್ಳಬೇಕಾದ ಮೂಲ ಸಾಲುಗಳು. ಮಂಚ ಬರುತ್ತದೆಂದು ಜಾಗ ಮಾಡಿ ಕಾದವರ ಮನೆಗೆ ಹಲಗೆ, ಮೊಳೆ ಬಂದ ಹಾಗಾಯಿತು. ನಮ್ಮ ಯಂತ್ರ ಮಾರಿದ ಕಂಪನಿಯ ಎಂಜಿನಿಯರ್ ನಕ್ಕು, "ಇದೆಲ್ಲ ನಿಮಗ್ಯಾಕೆ? ಸ್ವಲ್ಪ ದಿನ ತಡೀರಿ, ನಾವೇ ಏನಾದ್ರೂ ಕಳಿಸ್ತೀವಿ" ಎಂದರು. ತಡೀರಿ ಎಂಬ ಮಾತನ್ನು ಮೇಷ್ಟ್ರ ಎದುರು ಆಡಬಾರದೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. "ನೀವು ಕಟ್ಟಿ ಕೊಟ್ಟಿದ್ದು ಕೆಟ್ರೆ ನಿಮ್ಮ ದಾರಿ ನೋಡ್ಕೊಂಡು ಕೂರಬೇಕು. ನಾವು ಕಟ್ಟಿದ್ದು ಕೆಟ್ರೆ ಎಲ್ಲಿ ಕೆಟ್ಟೈತೆ ಅಂತ ನಮಗೆ ಗೊತ್ತಿರ್ತೈತೆ" ಎಂದು ಅವರನ್ನು ಸಾಗಹಾಕಿದರು.

ಸೋಮವಾರಗಳ ಜೊತೆಗೆ ಗುರುವಾರವೂ ನಾವೆಲ್ಲ ಚನ್ನಗಿರಿಗೆ ಬರತೊಡಗಿದೆವು. ಮೊದಲ ಸಲ ಕಂಪೈಲ್ ಮಾಡಿದಾಗ ಪರದೆಯ ತುಂಬ ತಪ್ಪುಗಳು ಸುರಿದವು. ಮೇಷ್ಟ್ರು ಅವನ್ನು ಹಾಜರಿ ಕೂಗುವ ಧಾಟಿಯಲ್ಲಿ ಒಂದೊಂದಾಗಿ ಓದಿದರು. ಆ ಸಲಕರಣೆಯನ್ನು ಬರೆದವರ ಯಂತ್ರದ ಜಾತಿ ಬೇರೆ, ನಮ್ಮದು ಬೇರೆ. ಸಾಲಿನಲ್ಲಿ ಒಂದು ಅಕ್ಷರ ಎಲ್ಲಿದೆ ಎಂದು ಹುಡುಕುವ ಕೆಲಸಕ್ಕೆ ಅಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು. "ಹೊನ್ನಾಳಿಯಾಗೆ ಹಂಗಂತಾರೆ, ಜಗಳೂರಾಗೆ ಹಿಂಗಂತಾರೆ. ಕೆಲಸ ಒಂದೇ. ಗಾಬರಿ ಬ್ಯಾಡ" ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಹುಡುಕಿ ಹುಡುಕಿ ನಮ್ಮ ಯಂತ್ರಕ್ಕೆ ತಿಳಿಯುವ ಹೆಸರು ಹಾಕುತ್ತ ಹೋದೆವು. ಒಂದು ಗುರುವಾರ ಎಲ್ಲವೂ ತಪ್ಪಿಲ್ಲದೆ ಮುಗಿಯಿತು. ಮೇಷ್ಟ್ರು ಓಡಿದರು, ಕಂಬಿ ಬಾರಿಸಿದರು, ಹಮಾಲರು ಬುತ್ತಿ ಬಿಚ್ಚಿದರು. ಒಳಗೆ ಬಂದು ನಡೆಸಿ ನೋಡಿದರೆ ಸಲಕರಣೆ ಮೊದಲ ಆವೃತ್ತಿಯನ್ನು ತೆಗೆದುಕೊಂಡಿತು, ಎರಡನೆಯದನ್ನು ಕೊಟ್ಟಾಗ ಗಂಟಲಲ್ಲಿ ಸಿಕ್ಕಿಸಿಕೊಂಡು ನಿಂತಿತು.

ಕಾರಣ ಕಂಡುಹಿಡಿದವನು ಓಬಳೇಶ. ಎರಡು ಪ್ರತಿಗಳ ನಡುವಿನ ವ್ಯತ್ಯಾಸ ತೆಗೆಯಲು ಯಂತ್ರದಲ್ಲಿ ಮೊದಲೇ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ. ನಮ್ಮ ಸಲಕರಣೆ ಅದರ ಸಹಾಯ ಕೇಳುತ್ತಿತ್ತು. "ಸಾರ್, ಇದು ಕೇಳೋ ರೀತಿಯಾಗೆ ಕೊಡಾಕೆ ನಮ್ಮ ಯಂತ್ರದ್ದಕ್ಕೆ ಬರಂಗಿಲ್ಲ. ಹಳೇದೈತೆ" ಎಂದ. ಹಾಗಾದರೆ ಅದನ್ನೂ ಹೊಸದಾಗಿ ಕಟ್ಟಬೇಕು, ಅದರ ಸೋರ್ಸ್ ಕೋಡೂ ಬೆಂಗಳೂರಿನಿಂದ ಬರಬೇಕು. ಅಂಚೆಯಲ್ಲಿ ತರಿಸೋಣವೆಂದು ಹಾಲೇಶಪ್ಪನವರು ಹೇಳುತ್ತಿರುವಾಗಲೇ ಮೇಷ್ಟ್ರು ಚೀಲ ಹೆಗಲಿಗೆ ಹಾಕಿಕೊಂಡಿದ್ದರು. ಹೋಗಿ, ಗೆಳೆಯರ ಮನೆಯಲ್ಲಿ ಕಾಫಿಯನ್ನೂ ಕುಡಿಯದೆ ಫ್ಲಾಪಿ ತೆಗೆದುಕೊಂಡು ಬಂದರು. ಅಂಗಿಯ ಇಸ್ತ್ರಿ ಕೆಟ್ಟದ್ದನ್ನು ನಾನು ಕಂಡದ್ದು ಆಗ ಮಾತ್ರ.

ಮೊದಲು ಅದನ್ನು ಕಟ್ಟಿದೆವು, ಆಮೇಲೆ ಸಲಕರಣೆಯನ್ನು ಮತ್ತೆ ಕಟ್ಟಿದೆವು. ಎರಡನೆಯ ಆವೃತ್ತಿ ಗಂಟಲಿನಿಂದ ಇಳಿಯಿತು. ಮೂರನೆಯದೂ ಇಳಿಯಿತು. ಮೊದಲನೆಯದನ್ನು ವಾಪಸ್ ಕೇಳಿದಾಗ ಒಂದು ಅಕ್ಷರವೂ ಬದಲಾಗದೆ ಕೊಟ್ಟಿತು. ಈ ಸಲ ಮೇಷ್ಟ್ರು ಕಂಬಿಗೆ ಓಡಲಿಲ್ಲ. "ಇನ್ನ ಪ್ರತಿಷ್ಠಾಪನೆ ಆಗ್ಬೇಕು" ಎಂದರು. ಸಲಕರಣೆಯನ್ನು ಎಲ್ಲರಿಗೂ ಸಿಗುವ ಜಾಗದಲ್ಲಿ ಇಡಲು ಯಂತ್ರದ ಮುಖ್ಯ ಗುಪ್ತಪದ ಬೇಕು. ಅದು ಕಾರ್ಯದರ್ಶಿಗಳ ವಶದಲ್ಲಿತ್ತು. ಅವರು ತಾವೇ ಬಂದು, ಕೀಲಿಮಣೆಯ ಮೇಲೆ ಟವೆಲ್ ಮುಚ್ಚಿ, ಟವೆಲಿನೊಳಗೆ ಕೈ ತೂರಿಸಿ ಒತ್ತಿದರು. ಕಣ್ಣಿಗೆ ಕಾಣದ್ದರಿಂದ ತಪ್ಪಾಯಿತು, ಮತ್ತೆ ಒತ್ತಿದರು, ಮತ್ತೆ ತಪ್ಪಾಯಿತು. ನಾವು ಗೋಡೆ ಕಡೆ ಮುಖ ಮಾಡಿ ನಿಂತ ಮೇಲೆ ಟವೆಲ್ ತೆಗೆದು ಸರಿಯಾಗಿ ಒತ್ತಿದರು.

ಅಂದು ನಾಲ್ಕೂ ಕಡೆಯ ಸಾಲುಗಳನ್ನು ಒಂದರೊಳಗೊಂದು ಕೂಡಿಸಿ ಒಂದೇ ಪ್ರೋಗ್ರಾಂ ಮಾಡಿದೆವು. ಒಪ್ಪಿಸುವಾಗ ಮೇಷ್ಟ್ರು, "ಮೊದ್ಲು ಓಬಳೇಶ ಕೂರ್ಲಿ" ಎಂದರು. ಹಾಲೇಶಪ್ಪನವರು ಕುರ್ಚಿ ಎಳೆದುಕೊಟ್ಟರು.

ಚನ್ನಗಿರಿಯಲ್ಲಿ ಸುಗ್ಗಿಯ ಖರೀದಿ ಶುರುವಾದದ್ದು ಒಂದು ಸೋಮವಾರ. ನಾನು ಬೆಳಗ್ಗೆಯೇ ಬಂದಿದ್ದೆ. ಅಂಗಳದ ತುಂಬ ಗಾಡಿಗಳು, ಟ್ರಾಕ್ಟರುಗಳು. ಆ ವರ್ಷ ಬಹಳ ಜನ ಸೆಣಬಿನ ಚೀಲ ಬಿಟ್ಟು ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಅಡಿಕೆ ತುಂಬಿಕೊಂಡು ಬಂದಿದ್ದರು. ಅದು ಹಗುರ. ನಮ್ಮ ಪ್ರೋಗ್ರಾಂ ಮಾತ್ರ ಸೆಣಬಿನ ಚೀಲದ ತೂಕವನ್ನೇ ಕಳೆಯುತ್ತಿತ್ತು. ಮೊದಲ ಬೆಳೆಗಾರರೇ ಚೀಟಿ ನೋಡಿ, "ನಮ್ಮ ಅಡಿಕೆ ಎಲ್ಲೋಯ್ತು?" ಎಂದು ಕೇಳಿದರು. ತಿದ್ದುವುದು ಎರಡು ಸಾಲಿನ ಕೆಲಸ. ಆದರೆ ಬೀಗ ಓಬಳೇಶನ ಹೆಸರಿನಲ್ಲಿತ್ತು. ಹಿಂದಿನ ಸೋಮವಾರ ಶೇಂಗಾ ಲೆಕ್ಕ ತಿದ್ದಲು ಅವನು ಪ್ರತಿಯನ್ನು ಜಗಳೂರಿಗೆ ಒಯ್ದಿದ್ದ.

ಬೀಗ ಮುರಿಯುವ ಅಧಿಕಾರ ಮೇಷ್ಟ್ರಿಗಿತ್ತು. ಒಂದು ಆಜ್ಞೆ ಒತ್ತಿದರೆ ಸಾಕು. ಕಾರ್ಯದರ್ಶಿಗಳು ಬೆವರು ಒರೆಸಿಕೊಳ್ಳುತ್ತ ಬಂದು, "ನಿಮ್ಮ ಕೈಯಾಗೇ ಐತಂತಲ್ರಿ, ಮುರೀರಿ. ಜನ ನಿಂತಾರೆ" ಎಂದರು.

"ಐತೆ. ಅದಕ್ಕೇ ಮುರಿಯಂಗಿಲ್ಲ. ಇವತ್ತು ನಾನು ಮುರಿದ್ರೆ, ಆ ಹುಡುಗ ವಾರ ಪೂರ್ತಿ ಮಾಡಿದ್ದು ಮತ್ತೆ ಬಸ್ಸಿನ ಪಾಲಾಗ್ತೈತೆ."

"ಮೇಷ್ಟ್ರೆ, ಶಾಲೆಗೆ ವಾಪಸ್ ಹೋಗ್ತೀನಿ ಅಂದಿದ್ದು ನೆನಪೈತಲ್ಲ?"

"ನೆನಪೈತೆ. ತೂಕ ಹಾಕಿ ಮೂಟೆ ಇಳಿಸಿಕೊಳ್ರಿ, ಚೀಟಿ ಮಧ್ಯಾಹ್ನದ ಮ್ಯಾಲೆ ಕೊಡ್ತೀವಿ ಅಂತ ಹೇಳ್ರಿ. ಜಗಳೂರು ಬಸ್ಸು ಬರ್ಲಿ."

ಹೀಗೆ ಹೇಳಿ ಅವರು ಬಸ್ ನಿಲ್ದಾಣಕ್ಕೆ ನಡೆದರು. ಚೀಟಿ ಕೇಳುತ್ತಿದ್ದವರಿಗೆಲ್ಲ ಸಬೂಬು ಹೇಳುವ ಕೆಲಸ ನನಗೂ ಹಾಲೇಶಪ್ಪನವರಿಗೂ ಬಿತ್ತು. ನಡುವೆ ನಾನು ಒಮ್ಮೆ ನಿಲ್ದಾಣಕ್ಕೆ ಹೋಗಿ ನೋಡಿದೆ. ಬಿಳಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ಎರಡೂ ಕೈ ಬೆನ್ನ ಹಿಂದೆ, ನಮಗೆ ಕಲಿಸುವಾಗ ಇರುತ್ತಿದ್ದ ಹಾಗೆಯೇ. ಕಂಡಕ್ಟರೊಬ್ಬ, "ಏನ್ ಮೇಷ್ಟ್ರೆ, ಇವತ್ತು ನಡೆಯಂಗಿಲ್ವಾ?" ಎಂದು ಕಿಚಾಯಿಸಿದ. ಮೇಷ್ಟ್ರು ಬಸ್ಸು ಬರುವ ರಸ್ತೆಯ ಕಡೆಗೇ ನೋಡುತ್ತಿದ್ದರು. ಎಂದೂ ಯಾರಿಗೂ ಕಾಯದ ಈ ಮನುಷ್ಯ ಒಬ್ಬ ತಾತ್ಕಾಲಿಕ ನೌಕರನಿಗಾಗಿ ಹೀಗೆ ನಿಂತಿದ್ದಾರಲ್ಲ ಎಂದು ನನ್ನ ಎದೆ ಉಬ್ಬಿತು. ನಾನು ಇವರ ಕೈಕೆಳಗೆ ಕೆಲಸ ಮಾಡುತ್ತೇನೆ ಎಂದು ಅಲ್ಲಿದ್ದವರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಬಸ್ಸು ಬಂತು. ಓಬಳೇಶ ಫ್ಲಾಪಿಯನ್ನು ಬಟ್ಟೆಯಲ್ಲಿ ಸುತ್ತಿ, ರೊಟ್ಟಿಯ ಡಬ್ಬಿಯ ಮೇಲಿಟ್ಟುಕೊಂಡು ಇಳಿದ. ಮೇಷ್ಟ್ರನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಕೆಲಸ ಹೋಯಿತು, ಹೇಳಲಿಕ್ಕೇ ಬಂದಿದ್ದಾರೆ ಎಂದುಕೊಂಡನಂತೆ. ಮೇಷ್ಟ್ರು, "ಬಾರಪ್ಪ, ನಿನ್ನ ಬೀಗ ತೆಗಿ. ನನಗೊಂದು ಕೆಲಸ ಐತೆ" ಎಂದರು, ಅಷ್ಟೇ.

ಓಬಳೇಶ ತನ್ನದನ್ನು ಒಪ್ಪಿಸಿದ. ಅದರ ಮೇಲೆ ಮೇಷ್ಟ್ರು ಬೀಗ ಹಾಕಿಸಿಕೊಂಡು ಚೀಲದ ಸಾಲುಗಳನ್ನು ಸೇರಿಸಿದರು, ಒಪ್ಪಿಸಿದರು. ಶೇಂಗಾ ಲೆಕ್ಕವೂ ಉಳಿಯಿತು, ಅಡಿಕೆಯ ತೂಕವೂ ಸರಿಹೋಯಿತು. ಅವರು ಹೋಗಿ ಕಂಬಿ ಬಾರಿಸಿದಾಗ ಹಮಾಲರು ಊಟ ಮುಗಿಸಿ ಬಹಳ ಹೊತ್ತಾಗಿತ್ತು. "ಮತ್ತೊಂದು ಊಟ ಏನ್ರಿ?" ಎಂದು ನಗುತ್ತ ಮೂಟೆ ಹೊತ್ತರು. ಕಾರ್ಯದರ್ಶಿಗಳು ಮೊದಲ ಚೀಟಿಯನ್ನು ಕೈಗೆತ್ತಿಕೊಂಡು ನೋಡಿದರು, ಓಬಳೇಶನನ್ನು ನೋಡಿದರು, "ರೊಟ್ಟಿ ತಿಂದು ಬಾ ಹೋಗು" ಎಂದರು. ಆ ಸುಗ್ಗಿ ಪೂರ್ತಿ ನಾಲ್ಕೂ ಕಡೆ ಒಂದೇ ಚೀಟಿ ಬಂತು. ನ್ಯಾಮತಿಯ ಹಾಲಪ್ಪ ಚೀಟಿಯನ್ನು ಬೆಳಕಿಗೆ ಹಿಡಿದು, "ನಮ್ಮಪ್ಪ ಅದಾನೆ ಬಿಡ್ರಿ" ಎಂದ. ಓಬಳೇಶನ ಕೆಲಸ ಕಾಯಂ ಆಯಿತು.

ಆಮೇಲೆ ಬೇರೆ ಯಂತ್ರಗಳು ಬಂದವು, ಆ ಸಲಕರಣೆ ಹಳತಾಯಿತು. ಬಂದ ಅತಿಥಿಗಳಿಗೆಲ್ಲ ಮೇಷ್ಟ್ರು ಅದನ್ನು ತೋರಿಸಿ, "ನಾವೇ ಕಟ್ಟಿದ್ದು" ಎನ್ನುತ್ತಿದ್ದರು. ನಾನು ಎಂದೇ ಹೇಳುವ ಅಭ್ಯಾಸವಿದ್ದ ಮನುಷ್ಯ ನಾವು ಎಂದದ್ದು ಅದೊಂದರ ವಿಷಯದಲ್ಲಿ. ನಾನೂ ಇಂದಿಗೂ ಹಾಗೆಯೇ ಹೇಳುತ್ತೇನೆ, ಸಂಕೋಚವಿಲ್ಲದೆ.

ಅವರು ತೀರಿಕೊಂಡ ದಿನ ಬಸವಾಪಟ್ಟಣದ ಮನೆಯ ಮುಂದೆ ಜನ ತುಂಬಿದ್ದರು. ಓಬಳೇಶನಿಗೂ ಸುದ್ದಿ ಹೋಗಿತ್ತು. ಪೂಜೆ ಮುಗಿದಿತ್ತು. ಬಿಸಿಲು ಏರುತ್ತಿತ್ತು. ಹಿರಿಯರೊಬ್ಬರು, "ಹೊತ್ತಾತು, ಎತ್ರಿ ಇನ್ನ. ಮೇಷ್ಟ್ರು ಯಾರಿಗೂ ಕಾದೋರಲ್ಲ" ಎಂದರು. ನಾಲ್ಕು ಜನ ಮುಂದೆ ಬಂದರು. ಆಗ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನಮ್ಮ ಹಳೆಯ ಕಾರ್ಯದರ್ಶಿಗಳು ಕೋಲು ಊರಿಕೊಂಡು ಎದ್ದು ನಿಂತರು.

"ತಡೀರಿ," ಎಂದರು. "ಜಗಳೂರು ಬಸ್ಸು ಇನ್ನ ಬಂದಿಲ್ಲ."